ಮಾತಾಡುತ್ತಿದ್ದಾಗ ಕೆನ್ನೆಯೇ ಮ್ಯೂಟ್ ಒತ್ತುತ್ತದೆ: ಬಜೆಟ್ ಫೋನ್ ಕೊಳ್ಳುವವರೇ, ಹುಷಾರು

ಕಡಿಮೆ ಬೆಲೆಯ ಫೋನ್ ಕೊಳ್ಳುವ ಯೋಚನೆಯಲ್ಲಿದ್ದೀರಾ? ಕ್ಯಾಮೆರಾ ಆಮೇಲೆ ನೋಡಿ. ಮೊದಲು ಅದರಲ್ಲಿ ನಿಜವಾದ ಪ್ರಾಕ್ಸಿಮಿಟಿ ಸೆನ್ಸರ್, ಅಂದರೆ ಫೋನ್ ಕಿವಿ ಹತ್ತಿರ ಬಂದದ್ದನ್ನು ಗುರುತಿಸುವ ಬಿಡಿಭಾಗ, ಇದೆಯಾ ಅಂತ ವಿಚಾರಿಸಿ.

ನನ್ನ ಫೋನಿನ ಡಬ್ಬದ ಮೇಲೆ 50 ಮೆಗಾಪಿಕ್ಸೆಲ್, 5000 ಎಂಎಎಚ್ ಅಂತ ದಪ್ಪ ಅಕ್ಷರದಲ್ಲಿತ್ತು. ಅದೇನೂ ಸುಳ್ಳಲ್ಲ. ಬ್ಯಾಟರಿಗಂತೂ ಹೆಸರಿಡುವ ಹಾಗಿಲ್ಲ. ಎಡವಟ್ಟಾಗಿರುವುದು ಫೋನ್ ಇರುವುದೇ ಯಾವುದಕ್ಕೋ ಆ ಕೆಲಸದಲ್ಲಿ, ಅಂದರೆ ಮಾತಾಡುವುದರಲ್ಲಿ.

ಕಿವಿಗಿಟ್ಟ ಕೂಡಲೇ ಸ್ಕ್ರೀನ್ ಆರಬೇಕು, ಅಲ್ವಾ? ಇದರಲ್ಲಿ ಒಮ್ಮೆ ಆರುತ್ತದೆ, ಒಮ್ಮೆ ಇಲ್ಲ. ಆರಿದ್ದು ಮಾತಿನ ಮಧ್ಯೆ ಮತ್ತೆ ಹೊತ್ತಿಕೊಳ್ಳುತ್ತದೆ. ಆಗ ಕೆನ್ನೆ ತಾಗಿ ಮ್ಯೂಟ್ ಆಗುತ್ತದೆ. ನಾನು ಇಲ್ಲಿ ಮಾತಾಡುತ್ತಲೇ ಇರುತ್ತೇನೆ, ಆ ಕಡೆಯವರು ಹಲೋ ಹಲೋ ಅಂತ ಕೂಗುತ್ತಿರುತ್ತಾರೆ. ಕೆಲವು ಸಲ ಕಾಲ್ ಹೋಲ್ಡ್‌ಗೆ ಹೋಗುತ್ತದೆ. ಎಷ್ಟೋ ಜನ ನಾನೇ ಬೇಕಂತ ಕಟ್ ಮಾಡಿದೆ ಅಂದುಕೊಂಡರು. ಇದರ ಉಲ್ಟಾ ಕಾಟವೂ ಇದೆ. ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ, ಭಾಷೆಗೆ ಒಂದು ಒತ್ತಿ ಅಂದಾಗ ಫೋನನ್ನು ಕಿವಿಯಿಂದ ತೆಗೆದರೆ ಸ್ಕ್ರೀನ್ ಕಪ್ಪಗೇ ಇರುತ್ತದೆ. ಕೀಪ್ಯಾಡ್ ಬರುವಷ್ಟರಲ್ಲಿ ಅವರ ಮೆನು ಮುಗಿದಿರುತ್ತದೆ.

ಮಾಮೂಲಿ ಸೆನ್ಸರ್ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಅದು ಕೆನ್ನೆಗೆ ಬಡಿದು ವಾಪಸ್ ಬರುವುದನ್ನು ಗಮನಿಸುತ್ತದೆ. ಆ ಚಿಕ್ಕ ಬಿಡಿಭಾಗ ಇಲ್ಲದ ಫೋನ್‌ಗಳಲ್ಲಿ ನಮಗೆ ಕೇಳಿಸದ ಅಲ್ಟ್ರಾಸೌಂಡ್ ಶಬ್ದ, ಫೋನಿನ ಅಲುಗಾಟ, ಸ್ಕ್ರೀನ್ ಮೇಲಿನ ಸ್ಪರ್ಶ ಇಂಥವನ್ನು ನೋಡಿ ಸಾಫ್ಟ್‌ವೇರ್ ಊಹೆ ಮಾಡುತ್ತದೆ. ಇದನ್ನೇ ವರ್ಚುವಲ್ ಸೆನ್ಸರ್ ಅನ್ನುತ್ತಾರೆ. ಕೆಲವು ಫೋನ್‌ಗಳಲ್ಲಿ ಇದು ಪರವಾಗಿಲ್ಲ. ನನ್ನದರಲ್ಲಿ ಮಲಗಿಕೊಂಡು ಮಾತಾಡಿದರಂತೂ ಕಥೆ ಮುಗಿಯಿತು.

ಸರ್ವಿಸ್ ಸೆಂಟರ್‌ನಲ್ಲಿ ಸಾಫ್ಟ್‌ವೇರ್ ಮತ್ತೆ ಹಾಕಿಕೊಟ್ಟರು. ಏನೂ ಬದಲಾಗಲಿಲ್ಲ. ಇನ್ನೊಮ್ಮೆ ಕೇಳಿದ್ದಕ್ಕೆ, ಈ ಮಾಡೆಲ್ ಇರುವುದೇ ಹೀಗೆ, ಡಿಫೆಕ್ಟ್ ಅಲ್ಲ ಅಂದರು. ಡಿಫೆಕ್ಟ್ ಅಲ್ಲ ಅಂದಮೇಲೆ ವಾರಂಟಿ ಇಟ್ಟುಕೊಂಡು ಏನು ಮಾಡುವುದು?

ಈಗ ಕಾಲ್ ಬಂದರೆ ಮೊದಲು ಪವರ್ ಬಟನ್ ಒತ್ತಿ ಸ್ಕ್ರೀನ್ ಆರಿಸಿಕೊಂಡು ಆಮೇಲೆ ಮಾತಾಡುತ್ತೇನೆ. ಇದನ್ನು ಮಾಡುವವರು ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಪವರ್ ಬಟನ್ ಒತ್ತಿದರೆ ಕರೆ ಮುಗಿಸುವ ಆಯ್ಕೆ ಆಫ್ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಕರೆಯೂ ಕಟ್ ಆಗುತ್ತದೆ!

ಬೇರೆ ತಕರಾರುಗಳೂ ಇವೆ. ಪಕ್ಕದ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಸುಮ್ನೆ ಲೆಕ್ಕಕ್ಕೆ. ವರ್ಚುವಲ್ ರ್‍ಯಾಮ್ ಅಂತ ಕೊಟ್ಟಿರುವುದು ಸ್ಟೋರೇಜಿನಿಂದಲೇ ಕಿತ್ತುಕೊಂಡ ಜಾಗ, ನಿಜವಾದ ರ್‍ಯಾಮಿನ ವೇಗ ಅದಕ್ಕೆ ಬರುವುದಿಲ್ಲ. ಅದರ ಮೇಲೆ ಸ್ಟೋರೇಜು ಇಎಂಎಂಸಿ ನಮೂನೆಯದು. ಅದು ಒಂದು ಹೊತ್ತಿಗೆ ಓದುತ್ತದೆ ಇಲ್ಲವೇ ಬರೆಯುತ್ತದೆ, ಅದಕ್ಕಿಂತ ವೇಗದ ಯುಎಫ್‌ಎಸ್ ನಮೂನೆಯ ಸ್ಟೋರೇಜಿನ ಥರ ಎರಡೂ ಒಟ್ಟಿಗೆ ಆಗುವುದಿಲ್ಲ. ಆ್ಯಪ್‌ಗಳು ಅಪ್‌ಡೇಟ್ ಆಗುವಾಗ ಕೀಬೋರ್ಡ್ ಕೂಡ ತಡವಾಗಿ ಬರುತ್ತದೆ. ಆದರೆ ಇವನ್ನೆಲ್ಲ ಈ ಬೆಲೆಗೆ ಇಷ್ಟೇ ಅಂತ ಸಹಿಸಬಹುದು. ಕಾಲ್ ವಿಷಯವನ್ನು ಸಹಿಸಲು ಆಗುವುದಿಲ್ಲ.

ಅಂಗಡಿಯಲ್ಲಿ ಕೊಳ್ಳುವುದಾದರೆ ಡೆಮೋ ಫೋನಿಗೆ ಸಿಮ್ ಹಾಕಿ ಒಂದು ಕರೆ ಮಾಡಿ. ಇಯರ್‌ಪೀಸ್ ಹತ್ತಿರ ಬರೀ ಅಂಗೈ ಹಿಡಿದರೆ ಸಾಲದು, ವರ್ಚುವಲ್ ಸೆನ್ಸರ್ ಅಲ್ಲಿ ಪಾಸಾಗಿಬಿಡಬಹುದು. ಕಿವಿಗಿಟ್ಟು ನಡೆದಾಡುತ್ತಾ ಮಾತಾಡಿ, ಕಿವಿ ಬದಲಿಸಿ, ನಡುವೆ ಕೀಪ್ಯಾಡ್ ತೆರೆಯಿರಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ವಾಪಸ್ ಕೊಡುವ ಗಡುವಿನೊಳಗೇ ಇದನ್ನೆಲ್ಲ ಮಾಡಿ ಮುಗಿಸಿ, ಡಬ್ಬ ಬಿಸಾಡಬೇಡಿ.