ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರ್: ಐದಕ್ಕೆ ನಾಲ್ಕು ಸ್ಟಾರ್, ಕಡಿದ ಒಂದು ಕೌಂಟರಿನ ಲೆಕ್ಕಕ್ಕೆ

ನಾಲ್ಕೂ ಸ್ಟಾರ್ ಒಳಗೆ ಡಾಪ್ಲರ್, ಅಂದರೆ ರಕ್ತ ಯಾವ ಕಡೆ ಹರಿಯುತ್ತದೆ ಅಂತ ತೋರಿಸುವ ಸ್ಕ್ಯಾನ್, ಮಾಡುವ ಡಾಕ್ಟರಮ್ಮನಿಗೆ.

ನಾನು ಬಸ್ ಕಂಡಕ್ಟರ್. ಮೂರು ಹೆರಿಗೆ ಆಗಿವೆ. ಬೆಳಗಿನ ಟ್ರಿಪ್‌ನಲ್ಲಿ ಏನೂ ಇರುವುದಿಲ್ಲ. ಸಂಜೆ ಡಿಪೋಕ್ಕೆ ಮರಳುವ ಹೊತ್ತಿಗೆ ಕಿಬ್ಬೊಟ್ಟೆಯ ಎಡಬದಿ ಭಾರವಾಗಿ ಜಗ್ಗುತ್ತದೆ, ಮಲಗಿದರೆ ಇಳಿಯುತ್ತದೆ. ಬೇರೆ ಕಡೆ ಮಾಡಿಸಿದ ಸ್ಕ್ಯಾನ್‌ಗಳಲ್ಲಿ ಗರ್ಭಕೋಶ, ಅಂಡಾಶಯ ಎಲ್ಲ ನಾರ್ಮಲ್. ರಿಪೋರ್ಟ್ ನಾರ್ಮಲ್ ಬಂದಮೇಲೆ ಹೆಂಗಸರ ನೋವಿಗೆ ಮನೆಯಲ್ಲಿ ಎಷ್ಟು ಬೆಲೆ ಅಂತ ಗೊತ್ತೇ ಇದೆಯಲ್ಲ.

ಇಲ್ಲಿ ಡಾಕ್ಟರಮ್ಮ ಮೊದಲು ಹಳೆಯ ಫೈಲ್ ಪೂರ್ತಿ ಓದಿದರು. ಮಲಗಿಸಿ ನೋಡಿ ಮುಗಿದ ಮೇಲೆ, "ಅಕ್ಕಾರ, ಈಗ ಎದ್ದು ನಿಂದರ್ರಿ. ಉಸಿರು ಬಿಗಿಹಿಡೀರಿ" ಅಂದರು. ಮೇಲಕ್ಕೆ ಹೋಗಬೇಕಾದ ರಕ್ತ ಕೆಳಕ್ಕೆ ತಿರುಗುವುದು ಆಗ ಪರದೆಯಲ್ಲಿ ಕಂಡಿತು. ಎಡ ಅಂಡಾಶಯದ ಅಭಿಧಮನಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) 9 ಮಿ.ಮೀ. ಅಗಲ ಹಿಗ್ಗಿತ್ತು. ಒಳಗಿನ ಕವಾಟಗಳು ಸಡಿಲಾದರೆ ಹೀಗಾಗುತ್ತದಂತೆ, ಹೆಚ್ಚು ಹೆರಿಗೆಯಾದವರಲ್ಲಿ ಜಾಸ್ತಿ.

ಎಡಕ್ಕೇ ಯಾಕೆ ಅಂತ ಕೇಳಿದೆ. ಒಂದು ಹಾಳೆಯ ಮೇಲೆ ಚಿತ್ರ ಬಿಡಿಸಿದರು. ಬಲ ಅಂಡಾಶಯದ ಅಭಿಧಮನಿ ನೇರವಾಗಿ ಮಹಾಅಭಿಧಮನಿಗೆ ಸೇರುತ್ತದೆ. ಎಡದ್ದಕ್ಕೆ ನಮ್ಮ ಭಾಷೆಯಲ್ಲಿ ಡೈರೆಕ್ಟ್ ಬಸ್ ಇಲ್ಲ, ಎಡ ಮೂತ್ರಪಿಂಡದ ಅಭಿಧಮನಿಗೆ ಹೋಗಿ ಅಲ್ಲಿಂದ ಮುಂದೆ. ಆ ದಾರಿ ಸರಿಯಿದೆಯೇ ನೋಡಲು ಸಿ.ಟಿ. ವೆನೋಗ್ರಫಿ, ಅಂದರೆ ಅಭಿಧಮನಿಗಳನ್ನು ತೋರಿಸುವ ಸಿ.ಟಿ. ಸ್ಕ್ಯಾನ್, ಬೇಕೆಂದರು. ಹೊಟ್ಟೆಯ ಗ್ಯಾಸ್ ಅಡ್ಡ ಬಂದು ಡಾಪ್ಲರ್‌ನಲ್ಲಿ ಅಷ್ಟು ಆಳ ಕಾಣುತ್ತಿರಲಿಲ್ಲ.

ಸಿ.ಟಿ.ಯಲ್ಲಿ ಸಿಕ್ಕಿದ್ದು: ಮಹಾಪಧಮನಿಯ (ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳದ) ಮುಂದಿನಿಂದ ಹಾಯಬೇಕಾದ ನನ್ನ ಎಡ ಮೂತ್ರಪಿಂಡದ ಅಭಿಧಮನಿ ಅದರ ಹಿಂದಿನಿಂದ, ಬೆನ್ನುಮೂಳೆಗೆ ಅಂಟಿಕೊಂಡು ಹಾಯುತ್ತದೆ. ಹುಟ್ಟಿದಾಗಿನಿಂದಲೇ ಹಾಗೆ. ಇಂಥವರು ನೂರಕ್ಕೆ ಇಬ್ಬರು ಮೂವರು ಇರುತ್ತಾರೆ, ಬಹುತೇಕರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ, ನಿಮ್ಮಲ್ಲಿ ಅಲ್ಲಿ ಒತ್ತು ಬಿದ್ದಿರುವುದು ಕಾಣುತ್ತದೆ ಅಂದರು. ಇಂಥ ನೋವಿಗೆ ಇನ್ನೊಂದು ಕಾರಣವಾಗಿ, ಎಡಗಾಲಿನಿಂದ ಬರುವ ಅಭಿಧಮನಿಯನ್ನು ಬಲಗಾಲಿಗೆ ಹೋಗುವ ಅಪಧಮನಿ ಮೂಳೆಗೆ ಅದುಮುವುದೂ ಉಂಟಂತೆ, 1957ರಲ್ಲಿ ಮೇ ಮತ್ತು ಥರ್ನರ್ ಎಂಬ ಇಬ್ಬರು ಡಾಕ್ಟರು ವಿವರಿಸಿದ್ದು. ನನ್ನಲ್ಲಿ ಅದಿಲ್ಲ ಅಂತಲೂ ರಿಪೋರ್ಟಿನಲ್ಲಿದೆ. ಇಲ್ಲದ್ದನ್ನೂ ನೋಡಿ ಬರೆಯುವ ಈ ತಾಳ್ಮೆಗೇ ನಾನು ದುಡ್ಡು ಕೊಟ್ಟೆ ಅಂದುಕೊಂಡಿದ್ದೇನೆ.

ಈಗ ಕೌಂಟರ್. ತುಂಬಿದ ಹಾಲ್‌ನಲ್ಲಿ, ಗಂಡಸರ ಎದುರಿಗೇ, "ಮುಟ್ಟು ಯಾವಾಗ ಆಗಿದ್ದು?" ಅಂತ ಒದರಿ ಕೇಳಿದರು. ಸಿ.ಟಿ.ಗೆ ಮುಂಚೆ ಬಸುರಿಯೇ ಅಂತ ತಿಳಿಯಬೇಕು ಸರಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಬಹುದಲ್ಲ? ಟಿಕೆಟ್ ಕೊಡುವಾಗ ನಾವೇ ಇದಕ್ಕಿಂತ ಮೆಲ್ಲಗೆ ಮಾತಾಡುತ್ತೇವೆ. ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ರಕ್ತನಾಳ ಎದ್ದು ಕಾಣಿಸುವ ಔಷಧ) ಚುಚ್ಚುವ ಮೊದಲು ಮೂತ್ರಪಿಂಡ ಸರಿಯಿದೆಯೇ ತಿಳಿಸುವ ಕ್ರಿಯಾಟಿನಿನ್ ರಿಪೋರ್ಟ್ ಬೇಕು ಅಂತ ಫೋನಿನಲ್ಲಿ ಹೇಳಲಿಲ್ಲ. ಹಸಿದ ಹೊಟ್ಟೆಯಲ್ಲಿ ರಕ್ತ ಕೊಟ್ಟು ಮಧ್ಯಾಹ್ನದವರೆಗೆ ಕೂತೆ. ಬಟ್ಟೆ ಬದಲಿಸುವ ಕೋಣೆಯ ಚಿಲಕ ಬೀಳುವುದಿಲ್ಲ, ಜೊತೆಗೆ ಒಬ್ಬರನ್ನು ಕರಕೊಂಡು ಹೋಗಿ.

ಬುಕ್ ಮಾಡುವಾಗ "ನಿಲ್ಲಿಸಿ ಡಾಪ್ಲರ್ ಮಾಡುತ್ತೀರಾ" ಅಂತ ಕೇಳಿ, ಡಾಕ್ಟರಮ್ಮ ಇರುವ ದಿನವೇ ಹೋಗಿ. ಸ್ಕ್ಯಾನ್ ಚಿತ್ರಗಳ ಸಿ.ಡಿ.ಯನ್ನು ಬಾಯಿಬಿಟ್ಟು ಕೇಳಬೇಕು, ತಾವಾಗಿ ಕೊಡುವುದಿಲ್ಲ. ನಾನು ತೋರಿಸುತ್ತಿರುವ ರಕ್ತನಾಳದ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು ಅದನ್ನೇ.