ಗೂಗಲ್ ಕ್ಲೌಡ್: ರಾಶಿ, ಬೆಟ್ಟೆ, ಚಾಲಿ ಒಂದೇ ಚೀಲಕ್ಕೆ ತುಂಬಬೇಡಿ

ಶಿರಸಿಯಲ್ಲಿ ಕೂತು ಸಣ್ಣಪುಟ್ಟ ಸಾಫ್ಟ್‌ವೇರ್ ಕೆಲಸ ಮಾಡಿಕೊಡುತ್ತೇನೆ. ಸದ್ಯ ಕೈಯಲ್ಲಿರುವುದು ಎರಡು. ಗೋಕರ್ಣದಲ್ಲಿ ಭಾವನ ಹೋಂಸ್ಟೇ ಬುಕಿಂಗ್ ಸೈಟ್, ಇಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ತೂಕದ ಲೆಕ್ಕ (ಮೇಲೆ ಹೇಳಿದ ರಾಶಿ, ಬೆಟ್ಟೆ, ಚಾಲಿ ಅಡಿಕೆಯ ಬಗೆಗಳು). ಎರಡೂ ಗೂಗಲ್ ಕ್ಲೌಡ್‌ನ, ಅಂದರೆ ಗೂಗಲ್ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳ, ಮುಂಬೈ ರೀಜನ್‌ನಲ್ಲಿವೆ. ವೇಗದ ಬಗ್ಗೆ ನನಗೆ ತಕರಾರಿಲ್ಲ. ಹೇಳಬೇಕಾದ್ದು ಒಳಗಿನ ಜೋಡಣೆ ಬಗ್ಗೆ.

ಎಲ್ಲಕ್ಕಿಂತ ಮೇಲೆ ಆರ್ಗನೈಸೇಶನ್, ಕೆಳಗೆ ಫೋಲ್ಡರ್, ಅದರೊಳಗೆ ಪ್ರಾಜೆಕ್ಟ್, ಪ್ರಾಜೆಕ್ಟ್ ಒಳಗೆ ನಿಮ್ಮ ಮಶೀನು, ಡೇಟಾಬೇಸು, ಫೋಟೋ ಇಡುವ ಬಕೆಟ್ಟು. ನಮ್ಮಂಥ ಸಣ್ಣವರಿಗೆ ಇದರಲ್ಲಿ ಮುಖ್ಯ ಪ್ರಾಜೆಕ್ಟ್. ಹೊಸಬರಿಗೆ ಶುರುವಲ್ಲೇ ‘ಮೈ ಫಸ್ಟ್ ಪ್ರಾಜೆಕ್ಟ್’ ಅಂತ ಒಂದು ಸಿಗುತ್ತದೆ, ನಾನೂ ಸುಮ್ನೆ ಎಲ್ಲವನ್ನೂ ಅದರಲ್ಲೇ ತುಂಬಿದ್ದೆ. ತಿಂಗಳ ಕೊನೆಗೆ ಬಿಲ್ ನೋಡಿದರೆ ಭಾವನದ್ದೆಷ್ಟು, ವ್ಯಾಪಾರಿಯದ್ದೆಷ್ಟು ಅಂತ ಬಿಡಿಸಲು ಅರ್ಧ ದಿನ ಹೋಯಿತು. ಈಗ ಒಬ್ಬೊಬ್ಬರಿಗೆ ಎರಡೆರಡು ಪ್ರಾಜೆಕ್ಟ್, ಒಂದು ಪರೀಕ್ಷೆಗೆ, ಒಂದು ನಿಜವಾದ ಗಿರಾಕಿಗಳಿಗೆ.

ಹೆಸರಿಡುವಾಗ ಮಾತ್ರ ಕಣ್ಣು ಬಿಟ್ಟು ನೋಡಿ. ಪ್ರಾಜೆಕ್ಟ್ ಹೆಸರು ಯಾವಾಗ ಬೇಕಾದರೂ ಬದಲಿಸಬಹುದು, ಐಡಿ (ಗೂಗಲ್ ಆ ಪ್ರಾಜೆಕ್ಟನ್ನು ಗುರುತಿಸುವ ಗುರುತು) ಬದಲಿಸಲು ಆಗುವುದಿಲ್ಲ. ಕರೆಂಟ್ ಹೋಗುವ ಮುಂಚೆ ಮುಗಿಸುವ ಗಡಿಬಿಡಿಯಲ್ಲಿ ಗೋಕರ್ಣದ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ‘ಎ’ ಬಿಟ್ಟೆ. ಅದು ಹಾಗೇ ಉಳಿದಿದೆ, ದಿನಾ ನನ್ನ ಮುಖ ನೋಡುತ್ತದೆ.

ಆರ್ಗನೈಸೇಶನ್ ಯಾಕೆ ಬೇಕು? ಭಾವನ ಹಳೇ ಸೈಟನ್ನು ಬೇರೊಬ್ಬ ಹುಡುಗ ತನ್ನ ಸ್ವಂತ ಜಿಮೇಲ್‌ನಲ್ಲಿ ಮಾಡಿಕೊಟ್ಟಿದ್ದ. ಅವನು ಬೆಂಗಳೂರಿಗೆ ಹೋದ, ಫೋನ್ ಎತ್ತುವುದು ಬಿಟ್ಟ. ‘ಎಂತ ಮಾರಾಯ ಇದು, ದುಡ್ಡು ಕಟ್ಟುವವ ನಾನು, ಕೀಲಿ ಅವನ ಹತ್ರವಾ?’ ಅಂದ ಭಾವ. ಸ್ವಂತ ಡೊಮೇನ್ ತಗೊಂಡು ಕ್ಲೌಡ್ ಐಡೆಂಟಿಟಿ (ಸಂಸ್ಥೆಯವರ ಲಾಗಿನ್ ನೋಡಿಕೊಳ್ಳುವ ಗೂಗಲ್ ಸೇವೆ, ಉಚಿತದ್ದೂ ಇದೆ) ಮಾಡಿಕೊಂಡರೆ ಪ್ರಾಜೆಕ್ಟ್ ಸಂಸ್ಥೆಯ, ಅಂದರೆ ಆ ಆರ್ಗನೈಸೇಶನ್‌ನ ಹೆಸರಲ್ಲಿ ಇರುತ್ತದೆ, ಕೆಲಸಗಾರ ಬಿಟ್ಟು ಹೋದರೂ ಅದು ಎಲ್ಲಿಗೂ ಹೋಗುವುದಿಲ್ಲ. ಇದೊಂದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಹಕ್ಕು ಮೇಲಿಂದ ಕೆಳಗೆ ಇಳಿಯುತ್ತದೆ. ಫೋಲ್ಡರ್ ಮಟ್ಟದಲ್ಲಿ ಒಬ್ಬರಿಗೆ ‘ಎಡಿಟರ್’ (ತಿದ್ದುವ ಹಕ್ಕು) ಕೊಟ್ಟರೆ ಕೆಳಗಿನ ಎಲ್ಲಾ ಪ್ರಾಜೆಕ್ಟಿಗೂ ಅದು ಹೋಗುತ್ತದೆ, ಕೆಳಗೆ ‘ವ್ಯೂವರ್’ (ನೋಡುವ ಹಕ್ಕು ಮಾತ್ರ) ಅಂತ ಬರೆದರೂ ಕಡಿಮೆ ಆಗುವುದಿಲ್ಲ, ತಡೆಯಬೇಕಾದರೆ ಡಿನೈ ಪಾಲಿಸಿ ಅಂತ ಬೇರೆಯೇ ಬರೆಯಬೇಕು. ಹಾಗಾಗಿ ನಾನು ಹಕ್ಕು ಕೊಡುವುದು ಪ್ರಾಜೆಕ್ಟ್ ಮಟ್ಟದಲ್ಲಿ ಮಾತ್ರ.

ದುಡ್ಡು ಕಟ್ಟುವ ಬಿಲ್ಲಿಂಗ್ ಅಕೌಂಟ್ ಈ ಜೋಡಣೆಯಿಂದ ಬೇರೆ ಸಾಲು. ಒಂದೇ ಬಿಲ್ಲಿಂಗ್ ಅಕೌಂಟಿಗೆ ಹತ್ತಾರು ಪ್ರಾಜೆಕ್ಟ್ ಜೋಡಿಸಬಹುದು. ಭಾವನಿಗೆ, ವ್ಯಾಪಾರಿಗೆ ಬೇರೆ ಬೇರೆ ಮಾಡಿದ್ದೇನೆ, ಕಾರ್ಡೂ ಅವರವರದ್ದೇ. ಬಜೆಟ್ ಅಲರ್ಟ್ ಹಾಕಿ ನಿಶ್ಚಿಂತೆಯಿಂದ ಮಲಗುವವರಿಗೆ ಒಂದು ಮಾತು. ಅದು ಇಮೇಲ್ ಕಳಿಸುತ್ತದೆ ಅಷ್ಟೇ, ತಾನಾಗಿ ಖರ್ಚು ನಿಲ್ಲಿಸುವುದಿಲ್ಲ. ಮಶೀನ್ ನಿಲ್ಲಿಸಿದರೂ ಡಿಸ್ಕಿಗೆ ದುಡ್ಡು ಹೋಗುತ್ತಲೇ ಇರುತ್ತದೆ, ಅಂಗಡಿ ಬಾಗಿಲು ಹಾಕಿದ್ದರೂ ಬಾಡಿಗೆ ಕಟ್ಟಬೇಕಲ್ವಾ. ಇದು ಗೊತ್ತಿಲ್ಲದೆ ನಾನು ಎರಡು ತಿಂಗಳು ಕಟ್ಟಿದೆ. ತಪ್ಪು ನನ್ನದೇ.

ಅಮೆಜಾನ್‌ನ ಇಂಥದ್ದೇ ಸೇವೆಯಾದ ಅಮೆಜಾನ್ ವೆಬ್ ಸರ್ವಿಸಸ್‌ನಲ್ಲಿ ಇದೇ ಕೆಲಸಕ್ಕೆ ಅಕೌಂಟನ್ನೇ ಬೇರೆ ಬೇರೆ ಮಾಡುತ್ತಾರೆ, ಒಂದೊಂದಕ್ಕೂ 12 ಅಂಕಿಯ ನಂಬರ್, ಒಂದೊಂದಕ್ಕೂ ಬೇರೆ ಇಮೇಲ್. ಅದೂ ಗಟ್ಟಿಯೇ, ಆದರೆ ಒಬ್ಬನೇ ನಿಭಾಯಿಸುವಾಗ ನನಗೆ ಪ್ರಾಜೆಕ್ಟೇ ಹಗುರ ಅನ್ನಿಸಿತು.

ಬೇಡವಾದ ಪ್ರಾಜೆಕ್ಟ್ ಅಳಿಸಿದರೆ 30 ದಿನದ ಒಳಗೆ ವಾಪಸ್ ತರಬಹುದು. ಒಳಗಿನದ್ದೆಲ್ಲಾ ಬರುತ್ತದೆ ಅನ್ನುವ ಭರವಸೆ ಮಾತ್ರ ಬೇಡ, ಬ್ಯಾಕಪ್ ಮೊದಲೇ ತೆಗೆದಿಡಿ. ಆ ‘ಎ’ ಇಲ್ಲದ ಗೋಕರ್ಣವನ್ನು ಅಳಿಸಿ ಹೊಸದು ಮಾಡೋಣ ಅಂದರೆ ಭಾವ ಬಿಡುತ್ತಿಲ್ಲ. ಸೀಸನ್ ಮುಗಿಯಲಿ ಅಂತಾನೆ.