ಅಪರೂಪದ ಚರ್ಮಗಂಟಿನ ಕಾಯಿಲೆಗೆ ಆನುವಂಶಿಕ ಸಮಾಲೋಚನೆ: ಬೆಂಗಳೂರಿನ ಆಸ್ಪತ್ರೆಯೊಂದರ ಸೇವೆ

ಜುವೆನೈಲ್ ಹಯಲಿನ್ ಫೈಬ್ರೊಮಟೋಸಿಸ್ ಅತಿ ವಿರಳವಾದ ಕಾಯಿಲೆ. ಮಗುವಿನ ನೆತ್ತಿ, ಕಿವಿ, ಮುಖ, ಕೈಗಳ ಮೇಲೆ ಗಂಟುಗಳೇಳುತ್ತವೆ, ಒಸಡು ದಪ್ಪವಾಗಿ ಬೆಳೆದು ಹಲ್ಲುಗಳನ್ನು ಮುಚ್ಚುತ್ತದೆ, ಮಂಡಿ ಮತ್ತು ಮೊಣಕೈಗಳು ಬಿಗಿದುಕೊಂಡು ಪೂರ್ತಿ ಚಾಚಲು ಬಾರದಂತಾಗುತ್ತವೆ. ಗಂಟುಗಳು ಕ್ಯಾನ್ಸರ್ ಅಲ್ಲ, ಬುದ್ಧಿಗೂ ಕುಂದಿಲ್ಲ. ನಮ್ಮ ಅಕ್ಕನ ಮಗನಿಗೆ ಈ ಕಾಯಿಲೆಯಿದೆ. ಅವನಿಗಾಗಿ ನಾವು ಹೋಗುತ್ತಿರುವ ಆನುವಂಶಿಕ ಸಮಾಲೋಚನಾ ವಿಭಾಗದ (ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಕುಟುಂಬಕ್ಕೆ ತಿಳಿಹೇಳುವ ವಿಭಾಗ) ಸೇವೆಯನ್ನು ಕುರಿತು ಇಲ್ಲಿ ಬರೆದಿದ್ದೇನೆ.

ಆ ವಿಭಾಗದ ದೊಡ್ಡ ಗುಣ ವಿವರಿಸುವ ತಾಳ್ಮೆ. ಬಯಾಪ್ಸಿಯ ನಂತರ ರಕ್ತಪರೀಕ್ಷೆಯಲ್ಲಿ ಎಎನ್‌ಟಿಎಕ್ಸ್‌ಆರ್‌2 ಎಂಬ ಜೀನಿನ ದೋಷ ಖಚಿತವಾದಾಗ, ಸಮಾಲೋಚಕಿಯವರು ವಂಶವೃಕ್ಷವನ್ನು ಬರೆದು ತೋರಿಸಿ, ತಂದೆತಾಯಿ ಇಬ್ಬರಿಂದಲೂ ಆ ಜೀನಿನ ದೋಷವುಳ್ಳ ನಕಲು ಬಂದರೆ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆಂದೂ, ಇಬ್ಬರಲ್ಲೂ ಅಂತಹ ಒಂದೊಂದು ನಕಲಿರುವ ದಂಪತಿಗೆ ಪ್ರತಿ ಗರ್ಭದಲ್ಲೂ ಆ ಸಂಭವ ಶೇ. 25 ಎಂದೂ, ಮುಂದಿನ ಗರ್ಭವನ್ನು ಮೊದಲೇ ಪರೀಕ್ಷಿಸಿಕೊಳ್ಳಬಹುದೆಂದೂ ಕನ್ನಡದಲ್ಲೇ ತಿಳಿಸಿದರು. ಅಕ್ಕ ಮದುವೆಯಾಗಿರುವುದು ನಮ್ಮ ಸೋದರಮಾವನನ್ನು. ಒಂದೇ ಹಿರಿಯರಿಂದ ಒಂದೇ ದೋಷ ಇಬ್ಬರಿಗೂ ಇಳಿದುಬಂದಿರಬಹುದು ಎಂಬುದನ್ನು ಅವರು ನಮ್ಮ ಅಜ್ಜಿಗೂ ಅರ್ಥವಾಗುವಂತೆ, ಯಾರನ್ನೂ ನೋಯಿಸದೆ ಹೇಳಿದರು. ಅದುವರೆಗೆ ಅಕ್ಕನೊಬ್ಬಳ ಮೇಲಿದ್ದ ದೂರು ಅಂದಿಗೆ ನಿಂತಿತು. ನನ್ನ ಮಟ್ಟಿಗೆ ಯಾವ ಔಷಧಿಗಿಂತಲೂ ಇದು ದೊಡ್ಡದು, ಏಕೆಂದರೆ ಈ ಕಾಯಿಲೆಯನ್ನು ಬೇರುಸಹಿತ ಗುಣಪಡಿಸುವ ಔಷಧಿಯಿನ್ನೂ ಇಲ್ಲ.

ಒಸಡಿನ ಶಸ್ತ್ರಚಿಕಿತ್ಸೆಯ ಸಿದ್ಧತೆಯೂ ಚೆನ್ನಾಗಿತ್ತು. ಬಾಯಿ ಸರಿಯಾಗಿ ತೆರೆಯದ ಮಗುವಿಗೆ ಉಸಿರಿನ ನಳಿಕೆ ಹಾಕುವುದು ಕಷ್ಟವಾದ್ದರಿಂದ ಅರಿವಳಿಕೆ ವೈದ್ಯರನ್ನು ಮುಂಚಿತವಾಗಿಯೇ ಕರೆಸಿ ಮಾತನಾಡಿಸಿದ್ದರು. ತೆಗೆದ ಒಸಡೂ ಗಂಟುಗಳೂ ಮತ್ತೆ ಬೆಳೆಯಬಹುದೆಂಬುದನ್ನೂ ಮುಚ್ಚಿಡಲಿಲ್ಲ.

ಕೊರತೆಯಿರುವುದು ವಿಭಾಗಗಳ ನಡುವಿನ ಸಂಪರ್ಕದಲ್ಲಿ. ಫಿಸಿಯೋಥೆರಪಿಯವರಿಗೆ ಕಾಯಿಲೆಯ ಸ್ವರೂಪ ತಿಳಿಸಿರಲಿಲ್ಲ. ಬಿಗಿದ ಮಂಡಿಯನ್ನು ಸಾಮಾನ್ಯ ರೋಗಿಗೆ ಮಾಡುವಂತೆ ಒತ್ತಿ ಚಾಚಿಸಲು ಹೋದಾಗ ಮಗು ನೋವಿನಿಂದ ನರಳಿದ. ಈ ಮಕ್ಕಳ ಕೀಲುಗಳನ್ನು ಮೃದುವಾಗಿ, ನೋವಿನ ಮಿತಿ ನೋಡಿಕೊಂಡೇ ಮುಟ್ಟಬೇಕು. ನಾವು ದೂರು ಕೊಟ್ಟ ಮೇಲೆ ಸಮಾಲೋಚಕಿಯವರೇ ಎಚ್ಚರಿಕೆಗಳನ್ನು ಬರೆದ ಪತ್ರ ಕೊಟ್ಟರು. ಆ ಕೆಲಸ ಮೊದಲ ದಿನವೇ ಆಗಬೇಕಿತ್ತು. ಜೀನ್ ಪರೀಕ್ಷೆಯ ವೆಚ್ಚವನ್ನೂ ವರದಿ ಬರಲು ಹಿಡಿಯುವ ಕಾಲವನ್ನೂ ಆರಂಭದಲ್ಲಿಯೇ ಲಿಖಿತವಾಗಿ ತಿಳಿಸುವುದು ಒಳ್ಳೆಯದು.

ಇಷ್ಟಾದರೂ, ರಕ್ತಸಂಬಂಧದಲ್ಲಿ ಮದುವೆಯಾಗಿ ಮಗುವಿನಲ್ಲಿ ಇಂತಹ ಲಕ್ಷಣ ಕಂಡವರು ಆನುವಂಶಿಕ ಸಮಾಲೋಚನೆಗೆ ತಡಮಾಡದೆ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ. ಹೋದಾಗ ಅರಿವಳಿಕೆಗೂ ಫಿಸಿಯೋಥೆರಪಿಗೂ ಪ್ರತ್ಯೇಕ ಎಚ್ಚರಿಕೆಯ ಪತ್ರಗಳನ್ನು ಕೇಳಿ ಪಡೆದುಕೊಳ್ಳಿ.